ಹೊಂಡದ ಕಿಲುಬು

ತಿರುಮಲಮ್ಮ ಕಾಶಿಗೆ ಬಂದದ್ದು ಸಾಯುವುದಕ್ಕೆ. ಹಾಗಂತ ಆಕೆ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು, ಮದುವೆಮನೆಗೆ ಬಂದವರು ಊಟ ಮುಗಿಸಿಕೊಂಡು ಹೊರಡ್ತೀವಿ ಅನ್ನುವಷ್ಟು ಸಲೀಸಾಗಿ. ಆದರೆ ಸಾವೇನು ಕರೆದ ಕೂಡಲೇ ಬರುವ ನೆಂಟನೇ? ಪಾವಗಡದ ಕಡೆಯ ಹಳ್ಳಿ ಬಿಟ್ಟು ಸೋದರಳಿಯ ಶೇಷಗಿರಿಯ ಮನೆ ಸೇರಿ ವರ್ಷಗಳೇ ಆಗಿದ್ದವು. ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ಹಿಡಿದುಕೊಂಡಿತ್ತು, ಉಳಿದದ್ದೆಲ್ಲ ಗಟ್ಟಿ. ನಾಲಿಗೆಯಂತೂ ಊರು ಬಿಟ್ಟಾಗಿನಿಂದ ಇನ್ನಷ್ಟು ಗಟ್ಟಿಯಾಗಿತ್ತು.

ಶೇಷಗಿರಿ ಕೇದಾರ ಘಾಟಿನಲ್ಲಿ ಪುರೋಹಿತ. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ತೀರ್ಥಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಅವನಿಗೆ ತಂದೆಯಿಂದ ಬಂದ ಕಸುಬು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂದು ಅತ್ತೆ ಅವನ ಮುಖಕ್ಕೇ ಗಾದೆ ಎತ್ತಿ ಹಾಕಿದರೆ ಅವನು ನಕ್ಕುಬಿಡುತ್ತಿದ್ದ. ನಗುತ್ತಿದ್ದ ಎನ್ನುವುದು ಮಗಳಿಗೆ ಜ್ವರ ಬರುವುದಕ್ಕೆ ಮುಂಚಿನ ಮಾತು.

ವನಮಾಲಾ ಅವನ ಒಬ್ಬಳೇ ಮಗಳು. ಐದು ತುಂಬಿದ ವರ್ಷ ಜ್ವರ ಬಂತು, ಹೋಯಿತು. ಹೋಗುವಾಗ ಬಲಗಾಲಿನ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಪೋಲಿಯೋ ಎಂದರು. ಮನೆಯ ಮಹಡಿಯ ಮೇಲಿಂದ ಕೆಳಗಿನ ಗಲ್ಲಿಯ ಮಕ್ಕಳ ಗದ್ದಲ ಕೇಳಿದಾಗಲೆಲ್ಲ ಹುಡುಗಿ ಕಬ್ಬಿಣದ ಪಟ್ಟಿ ಬಿಗಿದ ಕಾಲನ್ನು ನೆಲದ ಮೇಲೆ ದರದರ ಎಳೆದುಕೊಂಡು ಕಿಟಕಿಗೆ ಹೋಗುತ್ತಿದ್ದಳು. ಆ ಸದ್ದು ಕೇಳಿದರೆ ತಿರುಮಲಮ್ಮನ ಜಪ ನಿಂತುಹೋಗುತ್ತಿತ್ತು. ‘ನನ್ನನ್ನು ಕರ್ಕೋ ಅಂತ ಇಲ್ಲಿ ಬಂದು ಕೂತಿದ್ದೀನಿ, ನನ್ನ ಎರಡು ಕಾಲು ಬಿಟ್ಟು ಆ ಮಗುವಿನ ಕಾಲೇ ಬೇಕಾಯ್ತೇನಪ್ಪ ನಿನಗೆ?’ ಎಂದು ಆಕೆ ವಿಶ್ವನಾಥನ ಜೊತೆ ನೇರವಾಗಿ ಜಗಳ ತೆಗೆಯುತ್ತಿದ್ದಳು.

ಹುಡುಗಿಗೆ ಎಂಟು ನಡೆಯುತ್ತಿದ್ದಾಗ ಭೇಲೂಪುರದ ಡಾಕ್ಟರ್ ಕಮಲಾದೇವಿಯ ಹೆಸರು ಕಿವಿಗೆ ಬಿತ್ತು. ಅಲ್ಲೊಂದು ಹಳೆಯ ಜಮೀನ್ದಾರರ ಕೋಠಿ, ದೊಡ್ಡ ಬಂಗಲೆ. ಅದರ ಹಿತ್ತಲಲ್ಲಿ ದೊರೆಗಳ ಕಾಲದ ಒಂದು ಸಣ್ಣ ಈಜುಕೊಳ. ಜಮೀನ್ದಾರಿ ಹೋಯಿತು, ಈಜುವವರೂ ಹೋದರು. ಪಾಳುಬಿದ್ದಿದ್ದ ಕೊಳವನ್ನು ಯಜಮಾನರಿಂದ ಕೇಳಿ ಪಡೆದು ಈ ಡಾಕ್ಟರಮ್ಮ ಕಾಲು ಸೋತ ಮಕ್ಕಳನ್ನು ಅದರೊಳಗೆ ನಡೆಸುತ್ತಿದ್ದಳು. ನೀರು ಮೈಭಾರವನ್ನು ತಾನು ಹೊತ್ತುಕೊಳ್ಳುತ್ತದೆ, ಕಾಲಿಗೆ ಉಳಿಯುವುದು ಬರೀ ಹೆಜ್ಜೆ ಇಡುವ ಕೆಲಸ. ಆಕೆಯ ಪದ್ಧತಿಯಲ್ಲಿ ಇನ್ನೊಂದು ಮಾತಿತ್ತು. ಮಗು ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡುತ್ತಾ ನಡೆಯಬೇಕು. ಕಾಲಿಗೆ ಮರೆತುಹೋಗಿದೆ, ಕಣ್ಣು ಅದಕ್ಕೆ ಹೇಳಿಕೊಡಲಿ ಎನ್ನುತ್ತಿದ್ದಳು. ಅದಕ್ಕೇ ಕೊಳದ ನೀರು ತಳ ಕಾಣುವ ಹಾಗೆ ತಿಳಿಯಾಗಿರಬೇಕೆಂದು ಆಕೆಯ ಹಟ.

ಶೇಷಗಿರಿಯ ಹೆಂಡತಿ ಅನಂತಲಕ್ಷ್ಮಿ ವಾರಕ್ಕೆ ಮೂರು ದಿನ ಮಗಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗತೊಡಗಿದಳು. ಹೋಳಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ತಾಯಿಯ ಕಂಕುಳಲ್ಲಿ ಮೆಟ್ಟಿಲು ಹತ್ತುತ್ತಲೇ ವನಮಾಲಾ ಕೂಗಿಕೊಂಡಳು.

“ಅಜ್ಜೀ! ಪಾನಿಯೊಳಗೆ ನನ್ನ ಪೈರ್ ಚಲ್ತು! ತಾನೇ ಚಲ್ತು! ನಾನು ನೋಡ್ದೆ ಅಜ್ಜಿ, ನನ್ನ ಕಣ್ಣಲ್ಲೇ ನೋಡ್ದೆ!”

ಕಾಶಿಯಲ್ಲೇ ಹುಟ್ಟಿದ ಕೂಸು, ಅದರ ಕನ್ನಡ ಯಾವಾಗಲೂ ಅರ್ಧ ದಾರಿಗೆ ಹಿಂದಿಯ ಕೈ ಹಿಡಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅಜ್ಜಿ ಅದನ್ನು ತಿದ್ದುತ್ತಿದ್ದಳು. ಅವತ್ತು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

“ನಿಜವೇನೇ ಅನಂತೂ? ನೀರೊಳಗೆ ಕಾಲು ನಡೀತೇ?”

“ನಿಜ ಅತ್ತೆ. ನಾಲ್ಕೈದು ಹೆಜ್ಜೆ. ಡಾಕ್ಟರಮ್ಮ ಕೈ ಬಿಟ್ಟಿದ್ರು. ಬರೋ ಚಳಿಗಾಲದ ಹೊತ್ತಿಗೆ ನೆಲದ ಮೇಲೂ ನಡೀಬಹುದು, ಆದ್ರೆ ಒಂದು ವಾರವೂ ತಪ್ಪಿಸಬೇಡಿ ಅಂದಿದ್ದಾರೆ.”

ಆ ಸಂಜೆ ತಿರುಮಲಮ್ಮ ತನ್ನ ಟ್ರಂಕು ತೆಗೆದು ತಳದಿಂದ ಒಂದು ಬಟ್ಟೆಯ ಚೀಲ ಎತ್ತಿಕೊಂಡಳು. ಅದರ ತುಂಬ ಹಳೆಯ ತಾಮ್ರದ ಕಾಸು. ಬಜಾರಿನಲ್ಲಿ ಅದಕ್ಕೆ ಬೆಲೆ ಹೋಗಿ ಎಷ್ಟೋ ಕಾಲವಾಗಿತ್ತು, ಆದರೆ ಅದು ಬಜಾರಿಗೆ ಇಟ್ಟದ್ದಲ್ಲ. ಆಕೆಯ ಅತ್ತೆ, ಗಂಡನ ತಾಯಿ, ಅದನ್ನು ಕಾಶಿಯಾತ್ರೆಗೆಂದು ಒಂದೊಂದಾಗಿ ಕೂಡಿಟ್ಟು, ಯಾತ್ರೆಯ ಭಾಗ್ಯವಿಲ್ಲದೆ ಕಣ್ಣುಮುಚ್ಚಿದವಳು. ದಾರಿಯಲ್ಲಿ ದಾಟುವ ಒಂದೊಂದು ನದಿಗೂ ಒಂದು ಕಾಸು ಹಾಕಿ ಕೈಮುಗಿಯಬೇಕು. ತುಂಬಿದ ನೀರನ್ನು ಬರಿಗೈಯಲ್ಲಿ ದಾಟಬಾರದು, ಬರಿಗೈಯಲ್ಲಿ ಅದಕ್ಕೆ ಕಾಲಿಡಬಾರದು. ರೈಲಿನ ಕಿಟಕಿಯಿಂದ ತುಂಗಭದ್ರೆಗೆ, ಕೃಷ್ಣೆಗೆ, ಗೋದಾವರಿಗೆ, ನರ್ಮದೆಗೆ ಹಾಕುತ್ತಾ ಬಂದರೂ ಚೀಲ ಕರಗಿರಲಿಲ್ಲ.

ಹೊಂಡದ ನೀರಾದರೇನು, ಗಂಗಮ್ಮ ಗಂಗಮ್ಮನೇ ಅಲ್ಲವೇ? ಅದೂ ಯಾರೂ ಒಂದು ಹೂವು ಏರಿಸದ, ಒಂದು ಚಿಟಿಕೆ ಕುಂಕುಮ ಹಾಕದ ಗಂಗಮ್ಮ. ಮೋಟಾರು ಹಾಕಿ ಮೇಲೆಳೆದು ಗೋಡೆ ಕಟ್ಟಿ ಕೂಡಿಹಾಕಿದ್ದಾರೆ, ದಿನಾ ಮಕ್ಕಳು ಬಂದು ಅವಳ ಮೈ ತುಳಿಯುತ್ತವೆ, ಆದರೂ ನಮ್ಮ ಕೂಸಿನ ಕಾಲು ಎತ್ತಿ ನಡೆಸಿದ್ದಾಳೆ. ಅವಳಿಗೆ ಏನೂ ಕೊಡದೆ ಇರುವುದು ಮನುಷ್ಯರು ಮಾಡುವ ಕೆಲಸವೇ? ಹಳೆಯ ಪಂಚೆಯ ಚೂರನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಒಂದು ಕಾಸು ಇಟ್ಟು ಗಂಟು ಕಟ್ಟಿದಳು. ಮಗು ನೆಲದ ಮೇಲೆ ನಡೆಯುವ ದಿನದವರೆಗೆ, ಅದು ಆ ನೀರಿಗೆ ಇಳಿದಾಗಲೆಲ್ಲ ಒಂದು ಮುಡುಪು ಎಂದು ಹರಕೆ ಹೊತ್ತಳು.

“ನೀರಿಗೆ ಇಳಿಯೋ ಮುಂಚೆ ಯಾರ ಕಣ್ಣಿಗೂ ಬೀಳದ ಹಾಗೆ ಹಾಕ್ಬೇಕು ಕಣೋ ಮಗಾ. ಅಮ್ಮನಿಗೂ ಹೇಳ್ಬಾರ್ದು. ಹರಕೆ ಬಾಯಿ ಬಿಟ್ರೆ ಕೆಟ್ಟಿತು.”

“ಮೆಟ್ಟಿಲ ಹತ್ರ ಒಂದು ಜಾಲಿ ಇದೆ ಅಜ್ಜಿ, ಕಬ್ಬಿಣದ ಜಾಲರಿ, ಕೆಳಗೆ ಗುಂಡಿ. ಅದರೊಳಗೆ ಹಾಕಿದ್ರೆ ಯಾರಿಗೂ ದಿಖಲ್ಲ.”

“ಹಾಗೇ ಮಾಡು, ನನ್ನಪ್ಪ.”

ಮುಚ್ಚಿಟ್ಟದ್ದು ಸುಳ್ಳಾಗುತ್ತದೆಯೇ ಎಂದು ಆಕೆ ಒಂದು ಗಳಿಗೆ ಯೋಚಿಸಿದ್ದುಂಟು. ಏಕೆಂದರೆ ಸುಳ್ಳಿನ ವಿಷಯದಲ್ಲಿ ತಿರುಮಲಮ್ಮ ಬಲು ಬಿಗಿ. ಸಾರು ಹೇಗಿದೆ ಅತ್ತೆ ಎಂದು ಅನಂತಲಕ್ಷ್ಮಿ ಆಸೆಯಿಂದ ಕೇಳಿದರೂ ‘ಕಲಗಚ್ಚಿನ ಹಾಗಿದೆ’ ಎಂದೇ ಹೇಳುವವಳು. ಅವಳ ಮುಖ ಸಣ್ಣಗಾದರೆ, “ಏನು ಮಾಡ್ಲೇ, ಬೇರೆ ಕಡೆ ಮಾಡಿದ ಪಾಪ ಕಾಶೀಲಿ ತೊಳೆಯುತ್ತೆ. ಕಾಶೀಲಿ ಮಾಡಿದ್ದು ವಜ್ರಲೇಪ. ಅಂಟ್ಕೊಂಡ್ರೆ ಅಂಟ್ಕೊಂಡ ಹಾಗೇ. ಅದನ್ನ ಎಲ್ಲಿಗೆ ಹೋಗಿ ತೊಳೀಲಿ?” ಎನ್ನುತ್ತಿದ್ದಳು. ಸಾಯುವ ಮುಂಚೆ ಒಂದು ಸುಳ್ಳಿನಿಂದ ಇಷ್ಟು ವರ್ಷದ ಕಾಶೀವಾಸವನ್ನು ನೀರಿಗೆ ಹಾಕಿಕೊಳ್ಳಲು ಆಕೆ ತಯಾರಿರಲಿಲ್ಲ. ಆದರೆ ಇದು ಸುಳ್ಳಲ್ಲವಲ್ಲ, ಯಾರೂ ಕೇಳಿಲ್ಲ, ತಾನು ಹೇಳಿಲ್ಲ ಅಷ್ಟೆ. ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಬೇಸಿಗೆ ಏರಿತು. ಆ ವರ್ಷ ರೈಲು ಮುಷ್ಕರವಾಗಿ ಯಾತ್ರಿಕರೇ ಬರಲಿಲ್ಲ, ಶೇಷಗಿರಿ ಘಾಟಿನಲ್ಲಿ ನೊಣ ಹೊಡೆಯುತ್ತಾ ಕೂತು ಬರುತ್ತಿದ್ದ. ಆದರೂ ಮನೆಯಲ್ಲಿ ಹಬ್ಬದ ಕಳೆಯಿತ್ತು. ಇವತ್ತು ಎಷ್ಟು ಹೆಜ್ಜೆ ಎನ್ನುವುದೇ ಊಟದ ಹೊತ್ತಿನ ಮಾತು. ಕೊಳದ ಒಂದು ದಡದಿಂದ ಇನ್ನೊಂದು ದಡಕ್ಕೆ ಯಾರನ್ನೂ ಹಿಡಿಯದೆ ವನಮಾಲಾ ನಡೆದ ದಿನ ಶೇಷಗಿರಿ ಠಠೇರಿ ಬಜಾರಿನಿಂದ ಲಡ್ಡು ತಂದ.

ಆಮೇಲೆ ಒಂದು ದಿನ ಹುಡುಗಿ ಅಂಗಾಲು ಕೆತ್ತಿಸಿಕೊಂಡು ಬಂದಳು.

“ನೀರು ಗಡಸು ಅತ್ತೆ,” ಎಂದು ಅನಂತಲಕ್ಷ್ಮಿ ಅರಿಶಿನ ಮೆತ್ತುತ್ತಾ ವಿವರಿಸಿದಳು. “ಅಲ್ಲಿಂದು ಕೊಳವೆ ಬಾವಿ ನೀರು. ಮೆಟ್ಟಿಲ ಮೇಲೆ, ಗೋಡೆ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿಬಿಟ್ಟಿದೆ, ಮುಟ್ಟಿದ್ರೆ ಗರಗಸದ ಹಾಗಿದೆ. ಹಿಡ್ಕೊಳ್ಳೋ ಸರಳೂ ಹಾಗೇ.”

“ನಮ್ಮೂರ ಹಂಡೆ ಒಳಗೆ ಕಟ್ತಿರ್ಲಿಲ್ವೇ, ಅದೇ ಕಣೇ. ಸವುಳು ನೀರು. ಹುಣಸೆಹುಳಿ ಹಾಕಿ ಉಜ್ಜಿದ್ರೆ ಬಿಡುತ್ತೆ.”

“ಅಲ್ಲೂ ಹುಳಿಯೇ ಅನ್ನಿ. ನೀರಿನ ಮಿಸ್ತ್ರಿ ಲಲ್ಲನ್ ತೇಜಾಬು ಹಾಕಿ ತಿಕ್ತಿದ್ದಾನೆ. ಮತ್ತೆ ಕಟ್ಟದಿರ್ಲಿ ಅಂತ ನೀರಿಗೂ ಸ್ವಲ್ಪ ಸ್ವಲ್ಪ ಬೆರೆಸ್ತಾನೆ. ಮಕ್ಕಳಿಗೆ ಏನೂ ಆಗಲ್ಲ, ಅಳತೆ ಇದೆಯಂತೆ.”

ತಿರುಮಲಮ್ಮ ಒಪ್ಪಿ ತಲೆಯಾಡಿಸಿದಳು. ತೇಜಾಬೆಂದರೆ ಆಸಿಡ್ಡು, ಪಾತ್ರೆಯಂಗಡಿಯವರು ಹಿತ್ತಾಳೆ ತೊಳೆಯಲು ಬಳಸುವುದನ್ನು ಆಕೆಯೂ ಬಲ್ಲಳು. ತಾಮ್ರದ ಪಾತ್ರೆಯಲ್ಲಿ ಹುಳಿ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು. ಹುಳಿಯ ಮಾತು ಒಂದು ಕಿವಿಯಲ್ಲಿತ್ತು, ತಾಮ್ರ ಟ್ರಂಕಿನಲ್ಲಿತ್ತು. ಎರಡೂ ಆಕೆಯ ಮನಸ್ಸಿನಲ್ಲಿ ಒಂದಾಗಲಿಲ್ಲ. ಆಗುವುದಾದರೂ ಹೇಗೆ? ನೀರಿಗೆ ಕೊಟ್ಟ ಕಾಸು ಕೊಟ್ಟ ಕ್ಷಣಕ್ಕೆ ದೇವರದು. ಅದು ಎಲ್ಲಿ ಬಿದ್ದಿದೆ, ಏನಾಯಿತು ಎಂದು ಯಾವ ಹೆಂಗಸು ತಿರುಗಿ ನೋಡಿದ್ದಾಳೆ?

ಮಳೆಗಾಲ ಹಿಡಿಯುವ ಹೊತ್ತಿಗೆ ಕೊಳಕ್ಕೆ ಹೊಸ ಕಾಯಿಲೆ ಬಂತು. ಹಕ್ಕಳೆಯ ಬಿಳಿ ಬಣ್ಣ ಹೋಗಿ ಅಲ್ಲಲ್ಲಿ ನೀಲಿಯ ಛಾಯೆ ಹತ್ತಿತು. ಮೈ ಒರೆಸಿದ ಬಿಳಿ ಟವೆಲ್ಲಿಗೂ ನೀಲಿ ಕಲೆ. ಒಂದೆರಡು ಮಕ್ಕಳ ಮನೆಯವರು ಹೆದರಿ ಬರುವುದನ್ನು ಬಿಟ್ಟರು. ಕೊಳವೆ ಬಾವಿಯ ನೀರಿನಲ್ಲೇ ಏನೋ ಖನಿಜ ಸೇರಿದೆ, ಸುಣ್ಣದ ಜೊತೆ ಅದೂ ಕಟ್ಟುತ್ತಿದೆ ಎಂದು ಡಾಕ್ಟರಮ್ಮ ಅಂದುಕೊಂಡಳು. ಕಟ್ಟದ ಹಾಗೆ ತಡೆಯಲು ಲಲ್ಲನ್ ತೇಜಾಬು ಹೆಚ್ಚಿಸಿದ. ಬಣ್ಣ ಇನ್ನೂ ಗಾಢವಾಯಿತು.

“ನೀಲಿ ಅಂದ್ರೆ ಎಂಥಾ ನೀಲಿಯೇ?” ಎಂದು ತಿರುಮಲಮ್ಮ ಕೇಳಿದಳು.

“ನೀಲಿ ಅಂದ್ರೆ ನೀಲಿ ಅತ್ತೆ. ಆಕಾಶದ ಹಾಗೆ.” ಅನಂತಲಕ್ಷ್ಮಿಗೆ ಬಣ್ಣದ ಗೊಡವೆ ಎಲ್ಲಿತ್ತು? ಕೊಳ ನಿಂತುಹೋದರೆ ಎನ್ನುವ ಒಂದೇ ಯೋಚನೆ ಅವಳನ್ನು ತಿನ್ನುತ್ತಿತ್ತು. “ಹೀಗೇ ಆದ್ರೆ ಮುಚ್ಚಬೇಕಾಗುತ್ತೆ ಅಂದ್ರು. ಇನ್ನು ಸ್ವಲ್ಪವೇ ಅತ್ತೆ. ಈಗ ಪಟ್ಟಿ ಬಿಚ್ಚಿ ಒಂದು ನಿಮಿಷ ನಿಲ್ತಾಳೆ ನೆಲದ ಮೇಲೆ. ಇನ್ನು ಸ್ವಲ್ಪ ದಿನ ಆ ನೀರು ಸಿಕ್ಕಿದ್ರೆ ಸಾಕಾಗಿತ್ತು.”

ಆ ರಾತ್ರಿಯಲ್ಲ, ಮಾರನೆಯ ಬೆಳಿಗ್ಗೆ, ಮಡಿಯುಟ್ಟು ಕೂತು ತಿರುಮಲಮ್ಮ ಯೋಚನೆ ಮಾಡಿದಳು. ದೃಷ್ಟಿ ತಾಕಿದೆ. ಇಲ್ಲವೇ ಹೊಂಡದ ತಾಯಿಗೆ ತಾನು ಕೊಟ್ಟದ್ದು ಸಾಲದಾಗಿದೆ. ಕೊಡುವಾಗ ಕೈ ಬಿಗಿ ಹಿಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಂದಿನಿಂದ ಗಂಟಿನಲ್ಲಿ ಒಂದರ ಜಾಗದಲ್ಲಿ ಹಿಡಿ ಕಾಸು ಹೋಗತೊಡಗಿತು. ಬಣ್ಣ ಗಾಢವಾದಷ್ಟೂ ಲಲ್ಲನ್‌ನ ತೇಜಾಬು ಹೆಚ್ಚಿತು, ಹೆದರಿಕೆ ಹೆಚ್ಚಿದಷ್ಟೂ ತಿರುಮಲಮ್ಮನ ಗಂಟು ದಪ್ಪವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಅದು ನಗುವ ಮಾತು. ಇಲ್ಲಿ ನಗುವುದಕ್ಕೆ ಏನೂ ಇರಲಿಲ್ಲ.

ದಸರೆ ಕಳೆದ ಮೇಲೆ ಶೇಷಗಿರಿ ಒಂದು ಮಧ್ಯಾಹ್ನ ಬರಿಗೈ ಬೀಸಿಕೊಂಡು ಬಂದು ಗೋಡೆಗೊರಗಿ ಕೂತ.

“ಮುಚ್ತಾರಂತೆ ಅತ್ತೆ. ಈ ವಾರವೇ.”

ತಿರುಮಲಮ್ಮ ಎದ್ದು ನಿಂತಳು. “ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು.”

“ನೀವು ಈ ಗಲ್ಲಿ ಬಿಟ್ಟು ಎಲ್ಲೂ ಹೋಗೋರಲ್ಲ...”

“ಆ ಡಾಕ್ಟರಮ್ಮನ ಕಾಲಿಗೆ ಬೀಳ್ತೀನಿ. ಮುದುಕಿ ಬಿದ್ರೆ ಯಾರಾದ್ರೂ ಕೇಳ್ತಾರೆ. ರಿಕ್ಷಾ ಕರಿ.”

ನಾಲ್ಕೂ ಜನ ಎರಡು ರಿಕ್ಷಾದಲ್ಲಿ ಹೋದರು. ಕೋಠಿಯ ಹಿತ್ತಲಲ್ಲಿ ಮಣ್ಣು ತುಂಬಿದ ಒಂದು ಎತ್ತಿನ ಗಾಡಿ ಆಗಲೇ ನಿಂತಿತ್ತು. ಕೊಳದ ನೀರು ಬಸಿದು ಮೊಣಕಾಲಿಗೆ ಇಳಿದಿತ್ತು. ಡಾಕ್ಟರ್ ಕಮಲಾದೇವಿ ದಡದಲ್ಲಿ ನಿಂತಿದ್ದಳು, ಮಧ್ಯವಯಸ್ಸಿನ ದಣಿದ ಹೆಂಗಸು. ತಿರುಮಲಮ್ಮ ಅವಳ ಕಡೆ ಹೆಜ್ಜೆ ಇಟ್ಟವಳು ಅರ್ಧದಲ್ಲೇ ನಿಂತಳು. ಪೊರೆ ಬಂದ ಕಣ್ಣಿಗೂ ಎದುರಿಗಿನ ಗೋಡೆ ಕಂಡಿತು.

ಅದು ಆಕಾಶದ ನೀಲಿಯಲ್ಲ. ಹಸಿರು ಬೆರೆತದ್ದು.

ಮಂಡಿ ನೋವನ್ನು ಮರೆತು ಆಕೆ ಮೆಟ್ಟಿಲ ಅಂಚಿನಲ್ಲಿ ಕುಕ್ಕರಿಸಿದಳು. ಒದ್ದೆ ಹಕ್ಕಳೆಯ ಮೇಲೆ ಬೆರಳಾಡಿಸಿದಳು. ಬೆರಳನ್ನು ಮೂಗಿಗೆ ಹಿಡಿದಳು. ಕಲಾಯಿ ಹೋದ ಪಾತ್ರೆಯ ವಾಸನೆ. ಹೊಸದಾಗಿ ಮನೆ ತುಂಬಿದ ವರ್ಷ ತಾಮ್ರದ ತಪ್ಪಲೆಯಲ್ಲಿ ಹುಳಿ ಮರೆತು ಬಿಟ್ಟು ಅತ್ತೆಯ ಕೈಯಲ್ಲಿ ಬೈಸಿಕೊಂಡಿದ್ದಳಲ್ಲ, ಅದೇ ವಾಸನೆ.

“ಕಿಲುಬು,” ಎಂದಳು. “ಶೇಷೂ, ಇದು ಕಿಲುಬು ಕಣೋ.”

“ಏನತ್ತೆ?”

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಸುಮ್ಮನಿದ್ದುಬಿಡಬಹುದಿತ್ತು. ಮಗು ಹೇಳುತ್ತಿರಲಿಲ್ಲ, ಹರಕೆ ಎಂದು ಬಾಯಿಗೆ ಬೀಗ ಹಾಕಿದ್ದವಳು ತಾನೇ. ಇನ್ನೊಂದು ಗಳಿಗೆಯಲ್ಲಿ ಗಾಡಿಯ ಮಣ್ಣು ಬಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಆದರೆ ತಿರುಮಲಮ್ಮ ಹಾಗೆ ಬದುಕಿದವಳಲ್ಲ. ಮೆಟ್ಟಿಲ ಪಕ್ಕದ ಕಬ್ಬಿಣದ ಜಾಲರಿಯ ಕಡೆ ಬೆರಳು ತೋರಿಸಿ, ತನಗೆ ಬರುವ ಹರಕುಮುರುಕು ಹಿಂದಿಯಲ್ಲಿ ಡಾಕ್ಟರಿಗೆ ಹೇಳಿದಳು.

“ಡಾಕ್ಟರಮ್ಮಾ, ಉಸ್ಕೋ ಖೋಲೋ. ಯೇ ಮೈಂ ಕಿಯಾ. ಅದನ್ನ ತೆಗೆಸಿ. ಮಾಡಿದ್ದು ನಾನು.”

ಲಲ್ಲನ್ ಇಳಿದು ಜಾಲರಿ ಕಿತ್ತು, ಕೆಳಗಿನ ಗುಂಡಿಯಲ್ಲಿ ಕೈಯಾಡಿಸಿದ. ಬೊಗಸೆ ತುಂಬ ಬಂತು. ಅರಿಶಿನ ಹೋಗಿ ಹಸಿರುಗಟ್ಟಿದ ಬಟ್ಟೆಯ ಗಂಟುಗಳು, ಕೆಲವು ಕೊಳೆತು ಬಿಚ್ಚಿದ್ದವು. ಒಳಗಿನ ಕಾಸು ತೇಜಾಬು ತಿಂದು ಹಪ್ಪಳದ ಹಾಗೆ ತೆಳ್ಳಗಾಗಿತ್ತು. ಮತ್ತೆ ಕೈ ಹಾಕಿದ, ಮತ್ತೆ ಬಂತು. ದಡದ ಮೇಲೆ ಒಂದು ಸಣ್ಣ ರಾಶಿಯೇ ಆಯಿತು.

ವನಮಾಲಾ ತಾಯಿಯ ಸೊಂಟದಿಂದ ಬಗ್ಗಿ ನೋಡಿ ಮೆಲ್ಲಗೆ ಹೇಳಿದಳು: “ನಾನು ಒಂದೂ ಬಿಟ್ಟಿಲ್ಲ ಅಜ್ಜಿ. ಎಲ್ಲಾ ಸರಿಯಾಗಿ ಹಾಕಿದ್ದೆ.”

ಶೇಷಗಿರಿ ಡಾಕ್ಟರಿಗೆ ಹರಕೆಯ ಅರ್ಥ ವಿವರಿಸಿದ. ಕಮಲಾದೇವಿ ಒಂದು ಕಾಸನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು ಎಂದು ತಿರುಮಲಮ್ಮನಿಗೆ ಅನ್ನಿಸಿತು.

“ಈಗ ಗೊತ್ತಾಯ್ತಲ್ಲ,” ಎಂದು ಅನಂತಲಕ್ಷ್ಮಿ ಆಸೆಯಿಂದ ಹಿಂದಿಯಲ್ಲಿ ಕೇಳಿದಳು. “ಕಾಸು ತೆಗೆದಾಯ್ತು. ಇನ್ನು ನೀರು ಬದಲಾಯಿಸಿದರೆ ಸರಿಹೋಗಲ್ವಾ ಡಾಕ್ಟರ್?”

“ಮಳೆಗಾಲದ ಮೊದಲಿಗೆ ಗೊತ್ತಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು,” ಎಂದಳು ಡಾಕ್ಟರ್. “ನನಗೂ ಹೊಳೆಯಲಿಲ್ಲ. ಬಾವಿಯ ನೀರೆಂದೇ ನಂಬಿ ತೇಜಾಬು ಸುರಿಸಿದೆ. ಅದು ಕಲೆಯ ಜೊತೆ ಸಿಮೆಂಟನ್ನೂ ತಿಂದಿದೆ. ತಳ ಬಿರುಕು ಬಿಟ್ಟು ನೀರು ಕೋಠಿಯ ಬುನಾದಿಗೆ ಇಳಿಯುತ್ತಿದೆ, ಗೋಡೆ ಸೀಳಿದೆ. ಯಜಮಾನರು ಇನ್ನು ಒಂದು ಕೊಡ ನೀರು ತುಂಬಲೂ ಒಪ್ಪುವುದಿಲ್ಲ. ಬೇರೆ ಕೊಳ ಈ ಊರಿನಲ್ಲಿ ನನಗೆ ಯಾರು ಕೊಡುತ್ತಾರೆ?”

ಗಾಡಿಯವನು ಹಿಂದಿನ ಹಲಗೆ ತೆಗೆದ. ಮಣ್ಣು ಜಾರಿ ಬಿದ್ದ ಸದ್ದು ಕೇಳಿ ಅನಂತಲಕ್ಷ್ಮಿ ಮಗಳ ಮುಖವನ್ನು ಹೆಗಲಿಗೆ ಒತ್ತಿಕೊಂಡಳು.

ಮನೆಗೆ ಬಂದು ಅನಂತಲಕ್ಷ್ಮಿ ಅತ್ತೆಗೆ ಮಡಿನೀರು ತೋಡಿಟ್ಟು, ಅವಲಕ್ಕಿ ನೆನೆಹಾಕಿ, ಎಲೆಯ ಮುಂದೆ ಕೂರಿಸಿ ಬಡಿಸಿದಳು. ಬಡಿಸಿ ಎದ್ದವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

“ನನಗೆ ಒಂದು ಮಾತು ಹೇಳಿದ್ರೆ ಆಗಿತ್ತಲ್ಲ ಅತ್ತೆ.”

ಬೈದಿದ್ದರೆ ತಿರುಮಲಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಅವಳ ದನಿಯಲ್ಲಿ ಬೈಗುಳವೇ ಇರಲಿಲ್ಲ. ತಿರುಮಲಮ್ಮ ಅವಲಕ್ಕಿಯ ಮುಂದೆ ಕೈಮುದುರಿ ಕೂತೇ ಇದ್ದಳು. ಹರಿಯುವ ನೀರಿಗೆ ಕೊಟ್ಟದ್ದು ಹರಿದುಹೋಗುತ್ತದೆ. ನಿಂತ ನೀರಿಗೆ ಕೊಟ್ಟದ್ದು ಕೊಟ್ಟಲ್ಲೇ ಕೂತು ಕಾಯುತ್ತದೆ. ಇಷ್ಟು ಸಣ್ಣ ವಿಷಯ ಈ ತಲೆಗೆ ಹೊಳೆಯಲಿಲ್ಲವಲ್ಲ! ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಜನ್ಮಾಪೂರ್ತಿ ಊರಿಗೆಲ್ಲ ಹೇಳಿದವಳಿಗೆ ಆ ಗಾದೆ ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ.

ಮುಂದಿನ ದಿನಗಳಲ್ಲಿ ಕಂಡದ್ದು ಅದಕ್ಕಿಂತ ಕಷ್ಟದ್ದು. ಪಟ್ಟಿ ಬಿಚ್ಚಿ ನಿಲ್ಲುತ್ತಿದ್ದ ಹುಡುಗಿ ದಿನದಿನಕ್ಕೆ ಬೇಗ ಕೂರತೊಡಗಿದಳು. ನೆಲದ ಮೇಲೆ ಕಾಲು ಎತ್ತಲು ಹೋಗಿ ಎರಡು ಸಲ ಬಿದ್ದಳು. ಮೂರನೆಯ ಸಲ ಎತ್ತಲು ಹೋಗಲೇ ಇಲ್ಲ. ದರದರ ಎಳೆಯುವ ಸದ್ದು ಮನೆಯೊಳಗೆ ಮತ್ತೆ ಬಂದು ಸೇರಿತು.

ಕಾರ್ತಿಕದ ಒಂದು ಬೆಳಿಗ್ಗೆ ತಿರುಮಲಮ್ಮ ಶೇಷಗಿರಿಯನ್ನು ತಡೆದು ನಿಲ್ಲಿಸಿದಳು.

“ನೀರು ಮೈಭಾರ ಹೊರುತ್ತೆ ಅಂತ ತಾನೇ ಆ ಡಾಕ್ಟರಮ್ಮ ಹೇಳಿದ್ದು? ಮನೆ ಬಾಗಿಲಲ್ಲಿ ಇಷ್ಟು ದೊಡ್ಡ ಗಂಗೆ ಇಟ್ಕೊಂಡು ಯಾಕೋ ಕೂತಿದ್ದೀಯ? ಪ್ರವಾಹ ಇಳಿದಿದೆ. ಮಗುವನ್ನ ಎತ್ಕೋ.”

ಶೇಷಗಿರಿಗೆ ನಂಬಿಕೆ ಇರಲಿಲ್ಲ. ಗಂಗೆಯ ಸೆಳೆತ ಅವನು ದಿನಾ ಕಾಣುತ್ತಿದ್ದದ್ದು. ಆದರೆ ಅತ್ತೆಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಮಗಳ ಪಟ್ಟಿ ಬಿಚ್ಚಿ ಹೆಗಲಿಗೇರಿಸಿಕೊಂಡು ಕೇದಾರ ಘಾಟಿನ ಮೆಟ್ಟಿಲು ಇಳಿದ. ಅನಂತಲಕ್ಷ್ಮಿ ಮೇಲೆಯೇ ನಿಂತಳು. ತಿರುಮಲಮ್ಮ ಒಂದೊಂದೇ ಮೆಟ್ಟಿಲಿಗೆ ಕೂತು ಎದ್ದು, ಕೊನೆಯ ಒಣ ಮೆಟ್ಟಿಲು ದಾಟಿ ನೀರಿನಲ್ಲಿ ಪಾದ ಇಟ್ಟಳು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಆ ಬೆಳಿಗ್ಗೆ ಗಾಳಿಯಿಲ್ಲದೆ ನೇರವಾಗಿ ಏಳುತ್ತಿತ್ತು. ಅಭ್ಯಾಸಬಲದಿಂದ ಆಕೆಯ ಕೈ ಸೆರಗಿನ ಗಂಟಿಗೆ ಹೋಯಿತು. ಕಾಸು ಇತ್ತು. ಬೆರಳಿಗೆ ಸಿಕ್ಕಿತು. ಬಿಚ್ಚಲು ಧೈರ್ಯವಾಗದೆ ಕೈ ಹಿಂದೆಗೆದುಕೊಂಡು, ತುಂಬಿದ ಗಂಗೆಯ ಮುಂದೆ ಮೊದಲ ಬಾರಿಗೆ ಬರಿಗೈಯಲ್ಲಿ ನಿಂತಳು.

ಶೇಷಗಿರಿ ಸೊಂಟದ ನೀರಿಗೆ ಇಳಿದು ಮಗಳನ್ನು ಮುಳುಗಿದ ಮೆಟ್ಟಿಲ ಮೇಲೆ ನಿಲ್ಲಿಸಿದ. ಕಂಕುಳ ಕೆಳಗೆ ಎರಡೂ ಕೈ ಕೊಟ್ಟು ಹಿಡಿದ. ಮಳೆಗಾಲದ ಹೂಳು ಇನ್ನೂ ಇಳಿದಿರಲಿಲ್ಲ, ನೀರು ಹಾಲು ಬೆರೆಸಿದ ಚಹಾದ ಬಣ್ಣಕ್ಕಿತ್ತು. ವನಮಾಲಾ ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ತಲೆ ಬಗ್ಗಿಸಿ ತನ್ನ ಕಾಲನ್ನು ಹುಡುಕಿದಳು. ನೀರಿನ ಮೇಲೆ ಅವಳ ಮುಖವೇ ಕಾಣುತ್ತಿತ್ತು, ಅದರಿಂದಾಚೆಗೆ ಏನೂ ಇಲ್ಲ.

“ಪೈರ್ ದಿಖ್ತಾ ಇಲ್ಲ ಅಜ್ಜಿ.”

“ನಡಿ ಮಗಾ. ಎತ್ತಿ ಇಡು.”

“ಎಲ್ಲಿದೆ ಅಂತ ಗೊತ್ತಾಗ್ತಿಲ್ಲ.” ಹುಡುಗಿ ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಇದ್ದ ಬಲವೆಲ್ಲ ಹಾಕಿದಳು. ಸೆಳೆತಕ್ಕೆ ಅವಳ ಮೈ ಒಂದು ಕಡೆ ವಾಲಿತು. ಶೇಷಗಿರಿ ಬಿಗಿಯಾಗಿ ಹಿಡಿದು ಒಂದು ಹೆಜ್ಜೆಯಷ್ಟು ಮುಂದಕ್ಕೆ ಸರಿಸಿದ. ಸರಿಸುವಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡದ್ದು ತಿರುಮಲಮ್ಮನಿಗೆ ತಿಳಿಯಿತು. ಮಗುವಿನ ಕಾಲು ಅಲುಗಿಯೇ ಇರಲಿಲ್ಲ ಎನ್ನುವುದಕ್ಕೆ ಅಷ್ಟು ಸಾಕಿತ್ತು.

“ಚಲ್ತಾ ಅಜ್ಜಿ? ನೀನು ನೋಡ್ದೆಯಾ? ನನ್ನ ಕಾಲು ನಡೀತಾ?”

ತಿರುಮಲಮ್ಮನ ಪಾದದ ಸುತ್ತ ಗಂಗೆ ಹರಿಯುತ್ತಿದ್ದಳು. ಬೆನ್ನ ಹಿಂದೆ ಕೇದಾರನ ಗುಡಿ. ಕಾಶಿಯಲ್ಲಿ ಮಾಡಿದ ಪಾಪ ವಜ್ರಲೇಪ. ಅದು ಗೊತ್ತಿದ್ದೇ, ಪೊರೆ ತುಂಬಿದ ಕಣ್ಣನ್ನು ಅಗಲವಾಗಿ ತೆರೆದು ನೀರನ್ನು ನೋಡಿ, ಆಕೆ ಗಟ್ಟಿಯಾಗಿ ಹೇಳಿದಳು.

“ನೋಡ್ದೆ ಕಣೋ ಮಗಾ. ನನ್ನ ಕಣ್ಣಲ್ಲೇ ನೋಡ್ದೆ. ನಡೀತು.”